ಸರ್ಕಾರಿ ದೋಣಿ ಮಗುಚಿದ್ದು

ನಮ್ಮಪ್ಪ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದ. ಆಟದ ಸಾಮಾನಿನ ಕೋಣೆಯ ಬೀಗದ ಕೈ ಯಾವಾಗಲೂ ಅವನ ಸೊಂಟದಲ್ಲೇ ಇರುತ್ತಿತ್ತು. ಕೋಣೆಯೊಳಗೆ ಇಲಾಖೆಯಿಂದ ಬಂದ ಎರಡು ಫುಟ್‌ಬಾಲು ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಕೂತಿದ್ದವು. ಆಟದ ಮೇಷ್ಟ್ರು ಇಲ್ಲದ ಸ್ಕೂಲು, ಹಾಗಾಗಿ ಅವುಗಳಿಗೆ ಅಪ್ಪನೇ ದಿಕ್ಕು. ಯಾರು ಹೋಗಿ ಕೇಳಿದರೂ ಒಂದೇ ಉತ್ತರ: “ಸರ್ಕಾರದ್ದು ಕಣ್ಲಾ. ಏನಾರ ಆದ್ರೆ ಯಾರು ಜವಾಬ್ದಾರಿ?”

ನಾನು ಅದೇ ಸ್ಕೂಲಿನಲ್ಲಿ ಮೂರು ವರ್ಷ ಓದಿದೆ. ಒಂದು ದಿನ ಮನೆಯಲ್ಲಿ, ಮಗಳೆಂಬ ಸಲಿಗೆಯಿಂದ, ಚೆಂಡು ಕೊಡಪ್ಪ ಅಂದೆ. ಹೆಡ್‌ಮಾಸ್ಟರ ಕುರ್ಚಿಯನ್ನೇ ಕೇಳಿದವಳನ್ನು ನೋಡುವ ಹಾಗೆ ನೋಡಿದ.

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರು. ತಿರುಮಕೂಡಲು ನರಸೀಪುರದ ಕಡೆಯ ದೊಡ್ಡ ಕೆರೆಯಲ್ಲಿ ಹತ್ತು ದಿನ ಹಾಯಿದೋಣಿ ತರಬೇತಿ. ಊಟ, ವಸತಿ, ಬಸ್ ಚಾರ್ಜು ಎಲ್ಲ ಸರ್ಕಾರದ್ದು. ಈಜು ಬಂದರೆ ಸಾಕು. ದುಡ್ಡು ಕಟ್ಟಿ ಕಲಿಯಿರಿ ಅಂದಿದ್ದರೆ ನಾನು ಹಾಯಿಯನ್ನು ಪಾಠದ ಪುಸ್ತಕದ ಚಿತ್ರದಲ್ಲೇ ನೋಡಿಕೊಂಡು ಇದ್ದುಬಿಡುತ್ತಿದ್ದೆ. ಈಜಂತೂ ಬರುತ್ತಿತ್ತು. ಹೆಡತಲೆ ಅನ್ನುವ ನಮ್ಮೂರಿನ ಮನೆಯಿಂದ ನಾಲೆಗೆ ಕರೆದುಕೊಂಡು ಹೋಗಿ, ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ಅಪ್ಪನೇ ಕಲಿಸಿದ್ದ. ನಿಜ ಹೇಳಬೇಕೆಂದರೆ, ನನ್ನನ್ನು ಎಳೆದದ್ದು ಹಾಯಿಯಲ್ಲ, ಊಟದ ಪಟ್ಟಿಯಲ್ಲಿದ್ದ ದಿನಕ್ಕೊಂದು ಬೇಯಿಸಿದ ಮೊಟ್ಟೆ.

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಬೇರೆ ಹುಡುಗಿಯರ ಅಪ್ಪಂದಿರು “ಉಷಾರು ಕಣವ್ವ, ಆಳಕ್ಕೋಗ್ಬೇಡ” ಅನ್ನುತ್ತಿದ್ದರು. ನಮ್ಮಪ್ಪ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ: “ದೋಣಿ ಜ್ವಾಪಾನ ಕಣವ್ವ. ಸರ್ಕಾರದ್ದು. ಒಂದು ಗೀರೂ ಬೀಳ್ಬಾರ್ದು.” ನರಸೀಪುರ ಬರುವವರೆಗೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಲಿಸುವವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. ಬಿಳಿಯ ಪುಟ್ಟ ದೋಣಿಗಳನ್ನು ತೋರಿಸಿ ಅವರು ಹೇಳಿದ ಮೊದಲ ಪಾಠವೇ ಹೀಗಿತ್ತು: “ಒಬ್ಬೊಬ್ಬರೇ ಹೋಗಿ ಇದನ್ನು ಮಗುಚಿ ಹಾಕಿ. ಆಮೇಲೆ ನೀವೇ ಎತ್ತಿ ನಿಲ್ಲಿಸಿ. ಮೂರನೇ ದಿನದೊಳಗೆ ಇದು ಬರದಿದ್ದವರಿಗೆ ಹಾಯಿ ಇಲ್ಲ. ಗಂಟುಮೂಟೆ ಕಟ್ಟಿ ಮನೆಗೆ ಹೋಗಬಹುದು.”

ನಾನು ಕೈಯೆತ್ತಿ, “ಸಾರ್, ಇದು ಸರ್ಕಾರದ್ದಲ್ವಾ?” ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೊದಲ ದಿನ ಹೊಟ್ಟೆನೋವು ಅಂತ ಸುಳ್ಳು ಹೇಳಿ ದಡದಲ್ಲೇ ಕೂತೆ. ಮೊಟ್ಟೆಯನ್ನು ಮಾತ್ರ ಬಿಡಲಿಲ್ಲ. ಎರಡನೇ ದಿನ ತಪ್ಪಿಸಿಕೊಳ್ಳಲಾಗಲಿಲ್ಲ. ದೋಣಿಯ ಅಂಚಿನ ಮೇಲೆ ಕೂತು ಭಾರ ಬಿಟ್ಟೆ. ಅದು ವಾಲಿತು. ಇನ್ನೇನು ಮಗುಚಬೇಕು, ಅಷ್ಟರಲ್ಲಿ ಅಪ್ಪನ ದನಿ ಕಿವಿಯಲ್ಲಿ ಗುಂಯ್ ಅಂದಿತು. ದೋಣಿ ಉಳಿಯಲೆಂದು ನಾನೇ ನೀರಿಗೆ ಹಾರಿಬಿಟ್ಟೆ. ದೋಣಿ ಬೆಚ್ಚಗೆ ನೆಟ್ಟಗೆ ನಿಂತಿತ್ತು, ನಾನು ತೊಯ್ದು ತೊಪ್ಪೆಯಾಗಿದ್ದೆ. ಮೇಷ್ಟ್ರು ಹಣೆ ಚಚ್ಚಿಕೊಂಡು, “ಬೀಳಬೇಕಾದ್ದು ಅದು ಕಣಮ್ಮ, ನೀನಲ್ಲ” ಅಂದರು.

ಅಷ್ಟು ಹೊತ್ತಿಗೆ ನನ್ನ ಜೊತೆಯವರ ಹಾಯಿಗಳು ಕೆರೆಯ ನಡುವೆ ಹೋಗಿ ಬರುತ್ತಿದ್ದವು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಮೊಟ್ಟೆಯ ಆಸೆಗೆ ಬಂದವಳಿಗೆ ಈಗ ಹಾಯಿಯೇ ಬೇಕಾಗಿತ್ತು. ಮನೆಗೆ ಕಳಿಸಿಬಿಟ್ಟರೆ ಅಂತ ಅಳುವೇ ಬಂತು. ಮೇಷ್ಟ್ರು ಅದನ್ನು ನೋಡಿದರೋ ಏನೋ, ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ದೋಣಿ ಮಕಾಡೆ ಬಿದ್ದಿತ್ತು. ಮೈತುಂಬ ಬಿರುಕು, ಹಗ್ಗವನ್ನು ಇಲಿ ತಿಂದಿತ್ತು.

“ಇದು ಎಲ್ಲಕ್ಕಿಂತ ಜೋಪಾನ ಮಾಡಿದ ದೋಣಿ. ಹೊಸದು, ಹಾಳಾಗುತ್ತೆ ಅಂತ ಯಾರೋ ನೀರಿಗೇ ಬಿಡಲಿಲ್ಲ. ದಿನಾ ಮಗುಚುವ ದೋಣಿಗಳನ್ನು ನೋಡು, ಹೇಗಿವೆ!” ಅಂದರು.

ಮೂರನೇ ದಿನ ಬೆಳಿಗ್ಗೆ ಕಣ್ಣು ಮುಚ್ಚಿ, ಅಪ್ಪನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದು, ಅಂಚಿನಾಚೆಗೆ ಪೂರ್ತಿ ಭಾರ ಬಿಟ್ಟೆ. ದಢಾರನೆ ಬಿತ್ತು. ಹಾಯಿ ನೀರಿನ ಮೇಲೆ ಅಂಗಾತ ಮಲಗಿತು. ಸುತ್ತ ಈಜಿಕೊಂಡು ಹೋಗಿ, ದೋಣಿಯ ಅಡಿಯಿಂದ ಚಾಚಿಕೊಂಡಿದ್ದ ಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ಜಗ್ಗಿದೆ. ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಯ ಹಾಗೆ ಮೊದಲು ಮಿಸುಕಲೇ ಇಲ್ಲ. ಆಮೇಲೆ ನಿಧಾನಕ್ಕೆ, ನೀರು ಸುರಿಸಿಕೊಂಡು, ಎದ್ದು ನಿಂತಿತು. ನಾನು ಕಿರುಚಿದ್ದು ಆಚೆ ದಡದವರಿಗೂ ಕೇಳಿಸಿತಂತೆ. ಆ ಮಧ್ಯಾಹ್ನವೇ ನನ್ನ ಹಾಯಿಗೂ ಗಾಳಿ ತುಂಬಿತು. ಅಷ್ಟು ಸಂತೋಷ ನನಗೆ ಅಲ್ಲಿಯವರೆಗೆ ಯಾವತ್ತೂ ಆಗಿರಲಿಲ್ಲ.

ಕೊನೆಯ ದಿನ ಮನೆಯವರನ್ನೆಲ್ಲ ಕರೆಸಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ದಡದಲ್ಲಿ ನಿಂತಿದ್ದ. ಎಲ್ಲರೆದುರು ಮಗುಚಿ ತೋರಿಸುವ ಸರದಿ ನನ್ನದಾಯಿತು. ಮಗುಚಿದೆ. ದಡದಿಂದ ಅಪ್ಪನ ಕೂಗು ಕೇಳಿಸಿತು: “ಅಯ್ಯಯ್ಯೋ ದೋಣಿ! ದೋಣಿ ಓಯ್ತಲ್ರಪ್ಪೋ!” ನಾನು ದೋಣಿ ಎತ್ತಿ ನಿಲ್ಲಿಸಿ ದಡಕ್ಕೆ ಬರುವ ಹೊತ್ತಿಗೆ ಅವನು ಮೊಣಕಾಲುದ್ದ ನೀರಿಗೆ ಇಳಿದಾಗಿತ್ತು.

ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಮಗಳು ನೀರಿಗೆ ಬಿದ್ರೆ ದೋಣಿ ದೋಣಿ ಅಂತ ಕೂಗ್ತೀಯಲ್ಲಪ್ಪ!”

“ನಿಂಗೆ ಈಜು ಕಲ್ಸಿದ್ದು ನಾನಲ್ವಾ? ದೋಣಿಗೆ ಬತ್ತದೋ ಇಲ್ವೋ ನಂಗೇನು ಗೊತ್ತು?” ಅಂದ.

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅಪ್ಪ ಬಗ್ಗಿ ದೋಣಿಯ ಮೈ ಸವರಿದ. ಗೀರುಗಳು ಬೇಕಾದಷ್ಟಿದ್ದವು.

“ನಿಮ್ ಮೇಷ್ಟ್ರು ಬಯ್ಯಕ್ಕಿಲ್ವಾ?”

“ಮಗುಚದಿದ್ರೆ ಬಯ್ತಾರೆ.”

ಶೆಡ್ಡಿನ ಹಿಂದಿನ ದೋಣಿಯನ್ನೂ ತೋರಿಸಿ, ಮೇಷ್ಟ್ರು ಹೇಳಿದ್ದನ್ನು ಹೇಳಿದೆ. ಇಲಿ ತಿಂದ ಹಗ್ಗವನ್ನು ಅವನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯವರ ಹತ್ತಿರ ಪಂಪು ಕೇಳಿ ತೆಗೆದುಕೊಂಡು ಸ್ಕೂಲಿಗೆ ಹೋದ. ಸಂಜೆ ಬಂದವನ ಕಂಕುಳಲ್ಲಿ ಗಾಳಿ ಹೋದ ಫುಟ್‌ಬಾಲು ಇತ್ತು. ಜಗಲಿಯ ಮೇಲೆ ಕೂತು ಅದನ್ನು ನನ್ನ ಕೈಗೆ ಕೊಟ್ಟ. ಚರ್ಮದ ತುಂಬ ಕೆಮ್ಮಣ್ಣು.

“ಬೇಲಿ ಮುಳ್ಳು ಕಣವ್ವ. ಒಂದೇ ದಿನಕ್ಕೆ ಓಯ್ತು.”

ನಾನು ಅವನ ಮುಖ ನೋಡಿದೆ. ಅಪ್ಪ ನಗುತ್ತಿದ್ದ.

“ಬಿಡು, ನಾಳಿಕ್ಕೆ ಇನ್ನೊಂದದೆ.”