ಪಾಚಿಯ ಕೆಳಗಿನ ಅಳತೆ

ನಮ್ಮ ಕಚೇರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹೆಂಗಸು ನನಗೆ ನಿಜಕ್ಕೂ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ. ಮರ ಎಣಿಸುವ ಈ ಕೆಲಸಕ್ಕೆ ನನ್ನನ್ನು ಸೇರಿಸಿದ್ದೂ ಅವಳೇ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. ನಾನು ಹಾಜರಿ ಹಾಕುವಾಗ ಗುಮಾಸ್ತರು ಸುಮ್ಮನೆ ಒಮ್ಮೆ ಕೆಮ್ಮುತ್ತಾರೆ, ಅಷ್ಟೆ.

ಊರಿನ ಮೇಲಿರುವ ಬೆಟ್ಟದ ನೆತ್ತಿಯ ಕಾಡು ವರ್ಷದ ಮುಕ್ಕಾಲು ಪಾಲು ಮೋಡದೊಳಗೇ ಇರುತ್ತದೆ. ಮಳೆಯಿಲ್ಲದ ದಿನವೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತದೆ. ಅಲ್ಲಿ ಹಗ್ಗ ಕಟ್ಟಿ ಎರಡೂವರೆ ಎಕರೆ ಗುರುತು ಮಾಡಿದ್ದೇವೆ. ಒಳಗಿನ ಪ್ರತಿ ಮರಕ್ಕೂ ಒಂದು ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಮೇಲೊಂದು ನಂಬರು. ಮೂರು ವರ್ಷಕ್ಕೊಮ್ಮೆ ಹೋಗಿ ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಜಾತಿ ಬರೆದುಕೊಂಡು ಬರಬೇಕು. ಸಾವಿರದ ಮುನ್ನೂರು ಮರ, ತೊಂಬತ್ತು ಚಿಲ್ಲರೆ ಜಾತಿ. ನಾನು ಕಣ್ಣುಮುಚ್ಚಿ ಗುರುತಿಸಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದುದು ಹನ್ನೊಂದನ್ನು. ಅವುಗಳಲ್ಲಿ ಒಂದು ಮರವಲ್ಲ, ಬಳ್ಳಿ ಎಂದು ಆಮೇಲೆ ತಿಳಿಯಿತು.

ದೊಡ್ಡಮ್ಮ ಎಲೆ ಮುರಿದು ಮೂಸಿ ಜಾತಿ ಹೇಳುತ್ತಾಳೆ. ಮೊದಲು ಅವಳು ದರ್ಜಿ. ಬೇಕರಿಯ ಪಕ್ಕದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದಳು. ರೆಡಿಮೇಡ್ ಅಂಗಡಿಗಳು ಬಂದು ಗಿರಾಕಿಗಳು ಕಡಿಮೆಯಾದಾಗ, ಅಳತೆ ತೆಗೆಯುವವರು ಬೇಕು ಎಂಬ ಚೀಟಿ ನೋಡಿ, ಕೊರಳಲ್ಲಿದ್ದ ಟೇಪಿನ ಸಮೇತ ಕಚೇರಿಗೆ ನಡೆದಳಂತೆ.

"ಬಟ್ಟೆಗಲ್ಲಮ್ಮ, ಮರಕ್ಕೆ ಅಳತೆ" ಎಂದರಂತೆ ಗುಮಾಸ್ತರು.

"ಮರ ಆದ್ರೆ ಇನ್ನೂ ಒಳ್ಳೇದಾಯ್ತಲ್ಲ. ಅಳತೆ ತೆಗೆಯೋವಾಗ ಹೊಟ್ಟೆ ಒಳಗೆ ಎಳ್ಕೊಳಲ್ಲ!"

ಅಂದಿನಿಂದ ಅವಳಿಗೆ ಕಾಡೇ ಅಂಗಡಿ. ಕಣಿವೆಯ ಕಡೆ ಮರಗಳು ನೆಟ್ಟಗೆ ಎತ್ತರಕ್ಕೆ ಹೋಗುತ್ತವೆ. ನೆತ್ತಿ ಹತ್ತಿರವಾದಂತೆ ಗಾಳಿಯ ಹೊಡೆತಕ್ಕೆ ಗಿಡ್ಡವಾಗಿ, ಸೊಟ್ಟವಾಗಿ, ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಒಡೆದು ನಿಲ್ಲುತ್ತವೆ. ಮೈತುಂಬ ಪಾಚಿ, ಪಾಚಿಯಲ್ಲಿ ಜರೀಗಿಡ. ದೊಡ್ಡಮ್ಮನಿಗೆ ಪ್ರೀತಿ ಈ ನೆತ್ತಿಯ ಮರಗಳ ಮೇಲೆಯೇ. "ಥೇಟ್ ನಮ್ಮ ಮನೆಯವರ ಥರಾನೇ ಕಣೋ. ಗಿಡ್ಡ, ಸೊಟ್ಟ, ಆದ್ರೆ ಒಬ್ಬರನ್ನೊಬ್ಬರು ಬಿಡಲ್ಲ" ಎನ್ನುತ್ತಾಳೆ.

ಈ ಸಲ ಎಣಿಕೆ ಮುಗಿದು, ಅವಳು ತೆಗೆದ ಅಳತೆಗಳನ್ನೆಲ್ಲ ನಾನು ಕಂಪ್ಯೂಟರಿಗೆ ತುಂಬಿದಾಗ ನಲವತ್ತೆರಡು ಸಾಲುಗಳು ಕೆಂಪಾದವು. ನೆತ್ತಿಯ ನಲವತ್ತೆರಡು ಮರಗಳು ಮೂರು ವರ್ಷದ ಹಿಂದಿನದಕ್ಕಿಂತ ತೆಳ್ಳಗಾಗಿದ್ದವು. ಮೇಲಧಿಕಾರಿ ಮೇಡಂ ನನ್ನನ್ನು ಕರೆದರು.

"ಏನ್ರೀ ಇದು, ಮರಗಳೂ ಡಯಟ್ ಶುರು ಮಾಡಿದ್ವಾ?"

ನಾನು ನಕ್ಕೆ. ಅವರು ನಗಲಿಲ್ಲ.

"ದೊಡ್ಡಮ್ಮಂಗೆ ವಯಸ್ಸಾಯ್ತು. ಕಣ್ಣಿನ ಆಪರೇಷನ್ ಬೇರೆ ಆಗಿದೆ. ಮುಂದಿನ ಸಲದಿಂದ ಅವರು ಕಚೇರೀಲೇ ಕೂತು ಬಿಲ್ಲೆಗೆ ನಂಬರ್ ಹೊಡೀಲಿ. ನೀವೇ ಹೇಳಿಬಿಡಿ, ನಿಮ್ಮವರೇ ಅಲ್ವಾ."

ಬೇರೆ ಯಾರಿಗಾದರೂ ಅದು ಬಡ್ತಿ. ದೊಡ್ಡಮ್ಮನಿಗೆ ಬೆಟ್ಟ ತಪ್ಪಿಸುವುದೆಂದರೆ ಉಸಿರು ತಪ್ಪಿಸಿದಂತೆ. ಅವಳು ಇನ್ನೂ ಬಿಟ್ಟುಕೊಡದ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ, ನೆಲ ನೋಡುತ್ತಾ ಒಪ್ಪಿಸಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ಒಂದೇ ಏಟಿಗೆ.

"ಕಣ್ಣು ಸರಿ ಇಲ್ಲ ಅಂದ್ರಾ? ನಾಳೆ ಹಳೇ ರಿಜಿಸ್ಟರ್ ಎಲ್ಲಾ ತಗೊಂಡು ಬೆಟ್ಟಕ್ಕೆ ನಡಿ. ನೀನೇ ಅಳಿ, ನಾನು ನೋಡ್ತೀನಿ."

ಮರುದಿನ ಇನ್ನೂರ ಹದಿನೆಂಟನೇ ಮರದ ಮುಂದೆ ನಿಂತೆವು. ಬೆರಳು ಮರಗಟ್ಟುವ ಚಳಿ. ನಾನು ಬಿಲ್ಲೆಯ ಕೆಳಗೆ ಟೇಪು ಸುತ್ತಿ ಗತ್ತಿನಿಂದ ಓದಿದೆ: ಎಪ್ಪತ್ತನಾಲ್ಕೂವರೆ ಸೆಂಟಿಮೀಟರು. ಹಿಂದಿನ ಸಲದ ರಿಜಿಸ್ಟರಿನಲ್ಲೂ ಎಪ್ಪತ್ತನಾಲ್ಕೂವರೆ! ದೊಡ್ಡಮ್ಮ ಈ ಸಲ ಬರೆಸಿದ್ದು ಅರವತ್ತೆಂಟು. ಪಾಪ, ಮೇಡಂ ಹೇಳಿದ್ದೇ ನಿಜವಾಯಿತಲ್ಲ ಎಂದುಕೊಂಡು ತಲೆ ಎತ್ತಿದರೆ, ಅವಳು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು.

"ಸ್ವೆಟರ್ ಮೇಲೆ ಅಳತೆ ತೆಗೆದು ಶರ್ಟ್ ಹೊಲಿಯೋ ದರ್ಜಿ ಯಾರೋ?"

ಅವಳು ಪಾಚಿಯೊಳಗೆ ನಿಧಾನವಾಗಿ ಬೆರಳು ತೂರಿಸಿದಳು, ಒಂದು ಚೂರೂ ಕಿತ್ತುಬರದಂತೆ. ತೊಗಟೆಗೆ ಅಂಟಿಸಿ ಟೇಪನ್ನು ಒಳಗಿಂದೊಳಗೇ ಸರಿಸಿ ಆ ಕಡೆಯಿಂದ ಹೊರತೆಗೆದಳು. ಅರವತ್ತೆಂಟು. ಪಾಚಿಯೇ ಒಂದು ಬೆರಳು ದಪ್ಪವಿತ್ತು.

"ಹಿಂದಿನ ಸಲ ಈ ನೆತ್ತಿ ಅಳತೆ ಮಾಡಿದ ಪುಣ್ಯಾತ್ಮ ಯಾರು ನೋಡು."

ನೋಡಬೇಕಾಗಿರಲಿಲ್ಲ. ಏಳರ ಅಂಕಿಯನ್ನು ಬಾಲ ಸುಟ್ಟ ಬೆಕ್ಕಿನಂತೆ ಬರೆಯುವ ಆ ಕೈಬರಹ ಪ್ರಪಂಚದಲ್ಲಿ ನನ್ನೊಬ್ಬನದೇ. ಆ ವರ್ಷ ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, "ನಾನಿದ್ದೀನಲ್ಲ ದೊಡ್ಡಮ್ಮ" ಎಂದು ಎದೆಯುಬ್ಬಿಸಿ ಬಂದಿದ್ದೆ. ಆ ಚಳಿಯಲ್ಲಿ ಬೆರಳು ಒದ್ದೆ ಮಾಡಿಕೊಳ್ಳುವವರು ಯಾರೆಂದು ಪಾಚಿಯ ಮೇಲಿಂದಲೇ ಟೇಪು ಸುತ್ತಿದ್ದೆ. ಅದಕ್ಕೂ ಮೂರು ವರ್ಷ ಹಿಂದಿನ, ದೊಡ್ಡಮ್ಮನೇ ಅಳೆದ ರಿಜಿಸ್ಟರ್ ತೆರೆದೆ: ಅರವತ್ತೇಳೂವರೆ. ಮರ ತನ್ನ ಪಾಡಿಗೆ ತಾನು ಅರ್ಧ ಸೆಂಟಿಮೀಟರು ಬೆಳೆದಿತ್ತು. ಊದಿದ್ದು ನಾನು.

"ಮೇಡಂಗೆ ನಾನು ಹೇಳಲ್ಲ" ಎಂದಳು ಬುತ್ತಿ ಬಿಚ್ಚುತ್ತಾ. "ನೀನು ಹೇಳ್ತೀಯೋ ಬಿಡ್ತೀಯೋ, ನಿನ್ನಿಷ್ಟ. ಮೊದ್ಲು ತಿನ್ನು."

ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಸರಾಗವಾಗಿ ಇಳಿಯಿತು, ಅವಳ ಪಾಲಿನದನ್ನೂ ಸ್ವಲ್ಪ ತಿಂದೆ. ಆದರೆ ಮರುದಿನ ಬೆಳಿಗ್ಗೆ ಹಾಜರಿಗೂ ಮೊದಲು ಮೂರೂ ಎಣಿಕೆಗಳ ರಿಜಿಸ್ಟರುಗಳನ್ನು ಮೇಡಂ ಮೇಜಿನ ಮೇಲಿಟ್ಟು ಹೇಳಿಬಿಟ್ಟೆ. ಅವರು ಪುಟ ತಿರುವಿದರು, ಕನ್ನಡಕ ತೆಗೆದರು.

"ದೊಡ್ಡಮ್ಮ ಬೆಟ್ಟಕ್ಕೆ ಹೋಗ್ಲಿ. ಬಿಲ್ಲೆಗೆ ನಂಬರ್ ಹೊಡೆಯೋ ಕೆಲಸ ಖಾಲಿ ಇದೆ, ನೀವು ತಗೊಳ್ಳಿ. ಮುಂದಿನ ಎಣಿಕೆಗೆ ಅವರು ಕರೆದ್ರೆ ಹೋಗಿ, ಬರ್ಕೊಳ್ಳಿ ಸಾಕು. ಟೇಪ್ ಮುಟ್ಟಿದ್ರೆ ನೋಡಿ!"

ಪಕ್ಕದ ಮೇಜಿನ ಗುಮಾಸ್ತರು ಈ ಸಲ ಎರಡು ಬಾರಿ ಕೆಮ್ಮಿದರು.

ಸಂಜೆ ಸುದ್ದಿ ಹೇಳಲು ಹೋದಾಗ ದೊಡ್ಡಮ್ಮ ಕಪಾಟಿನಿಂದ ದಪ್ಪನೆಯ ಬೂದು ಬಟ್ಟೆ ತೆಗೆದು ಮೇಜಿನ ಮೇಲೆ ಹಾಸಿದಳು. ಬೆಟ್ಟದಲ್ಲಿ ನಡುಗುವ ನನಗೊಂದು ಕೋಟು ಹೊಲಿಯಬೇಕೆಂದು ಯಾವಾಗಲೋ ತಂದಿಟ್ಟಿದ್ದಳಂತೆ. ನಾನು ಕೈಯೆರಡೂ ಎತ್ತಿ ಎದುರಿಗೆ ನಿಂತೆ.

"ಸ್ವೆಟರ್ ಬಿಚ್ಚೋ, ಪಾಚಿ!" ಎಂದಳು.

ಬಿಚ್ಚಿದೆ. ಹೊಟ್ಟೆಯನ್ನೂ ಒಳಗೆ ಎಳೆದುಕೊಳ್ಳಲಿಲ್ಲ.