ಓದುವವಳು ಹುಮನಾಬಾದಿನಲ್ಲಿ

ಗೆಳತಿಯರೇ, ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಪುಸ್ತಕ ಓದುವ ಕೂಟ ಇಂದು ಶುರುವಾಯಿತು, ಇಂದೇ ಜಗಳವೂ ಆಯಿತು.

"ಎಲ್ಲಾರೂ ಮನ್ಯಾಗ ಓದ್ಕೊಂಡು ಬರೋಣ, ಇಲ್ಲಿ ಬರೇ ಮಾತಾಡೋಣ್ರಿ ಅತ್ತಿ," ಎಂದಳು ಸೊಸೆ. ನಾನು ಒಪ್ಪಲಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು ಎಂದೆ. ಕೈಗೆ ಸಿಕ್ಕ ಪೇಪರನ್ನೇ ಒಬ್ಬೊಬ್ಬರಾಗಿ ಓದಿ ತೋರಿಸಿದರು. ಯಾರ ಓದೂ ನನಗೆ ಹಿಡಿಸಲಿಲ್ಲ. ಪಕ್ಕದ ಮನೆಯ ಮಹಾದೇವಿ ಸಿಟ್ಟಾದಳು: "ಹ್ಯಾಂಗ ಓದಿದ್ರ ನಿಮಗ ಸೇರ್ತದ, ಅದನ್ನರ ಹೇಳ್ರಿ ಅಕ್ಕಾ!"

ಹಿಂದೆ ಕೂಡಿದ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಒಲೆಯ ಬಳಿ ಕೂತು ಓದುತ್ತಿದ್ದಳು. ಮನೆ ಬೇರೆಯಾಗಿ ಅವಳು ಹುಮನಾಬಾದಿಗೆ ಹೋದ ಮೇಲೆ ನಾನು ಒಂದು ಪುಸ್ತಕವನ್ನೂ ಮುಗಿಸಿಲ್ಲ.

ನಾನಾಗಿ ಯಾರಿಗೂ ಫೋನ್ ಮಾಡುವವಳಲ್ಲ. ಇಂದು ಎಲ್ಲರ ಎದುರೇ ನೆಗೆಣ್ಣಿಗೆ ಮಾಡಿದೆ. "ಓದಾಕ ಒಬ್ಬರು ಬೇಕಾಗ್ಯಾರ," ಎಂದೆ.

ಅತ್ತಲಿಂದ ಅವಳೆಂದಳು: "ರೊಟ್ಟಿ ಬಡಿಯೋ ಸಪ್ಪಳ ಇಲ್ಲಂದ್ರ ನನಗ ಓದಾಕ ಬರಂಗಿಲ್ಲ ನೋಡ್ರಿ ಅಕ್ಕಾ."

ಭಾನುವಾರ ಬರುತ್ತಾಳೆ. ಕೂಟ ಇನ್ನು ನಮ್ಮ ಅಡುಗೆಮನೆಯಲ್ಲಿ. ಜೋಳ ಬೀಸಿಸಿ ತಂದಾಯಿತು.

ಯಾವ ಪುಸ್ತಕ ಎಂದು ಸೊಸೆ ಈಗ ಕೇಳುತ್ತಿದ್ದಾಳೆ. ಅದನ್ನು ಯಾರೂ ಯೋಚಿಸಿಯೇ ಇಲ್ಲ.