ಬ್ಯಾಕಪ್ಪಿಗೆ ಸೇರದ ಹನ್ನೊಂದು ಪುಸ್ತಕ

ಸರೋಜಮ್ಮ ಮೇಡಂ, ನೀವು ಓದಿಟ್ಟ ಹನ್ನೊಂದು ಪುಸ್ತಕಗಳನ್ನು ಕಳೆದದ್ದು ಹಾರ್ಡ್ ಡಿಸ್ಕ್ ಅಲ್ಲ, ನಾನು. ಮೂರು ವರ್ಷದಿಂದ ತಪ್ಪನ್ನು ಡಿಸ್ಕಿನ ಮೇಲೆ ಹೊರಿಸಿಕೊಂಡು ತಿರುಗುತ್ತಿದ್ದೇನೆ — ಪಾಪ, ಅದಕ್ಕೆ ಬಾಯಿಲ್ಲ, ನನಗಿರುವುದೆಲ್ಲ ಬಾಯಿಯೇ.

ಕುವೆಂಪುನಗರದ ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಣ್ಣು ಕಾಣದ ಮಕ್ಕಳಿಗೆಂದು, ಪಠ್ಯಪುಸ್ತಕಗಳನ್ನು ಮೈಕಿನ ಮುಂದೆ ಓದಿ ನಿಮ್ಮ ದನಿಯನ್ನು ಕಂಪ್ಯೂಟರಿಗೆ ತುಂಬುತ್ತಿದ್ದಿರಿ. ಪುಸ್ತಕಕ್ಕೊಂದೇ ಫೈಲು. "ಪಾಠನ ತುಂಡು ಮಾಡ್ಬಾರ್ದು ಕಣೋ" — ಅದು ನಿಮ್ಮ ಹಟ. ದಿನವೂ ಅವುಗಳ ನಕಲು ಇನ್ನೊಂದು ಡಿಸ್ಕಿಗೆ ತಾನೇ ಹೋಗುವಂತೆ ಮಾಡಿಕೊಡುತ್ತೇನೆಂದು ಮುಂದೆ ಬಂದವನು ನಾನು. ಅದಕ್ಕೆ ಆರಿಸಿಕೊಂಡದ್ದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಆದರೆ ಅದರ ಸೋರ್ಸ್ ಕೋಡನ್ನು ಆಯಾ ಯಂತ್ರದಲ್ಲೇ ಕಂಪೈಲ್ ಮಾಡಿ, ಅಂದರೆ ಆ ಯಂತ್ರ ನಡೆಸಬಲ್ಲ ರೂಪಕ್ಕೆ ತಂದುಕೊಳ್ಳಬೇಕು. ವಿಂಡೋಸಿಗೆ ಏನು ಬೇಕು, ಲಿನಕ್ಸಿಗೆ ಏನು ಬೇಕು, ಹಳೆಯ ಮೂವತ್ತೆರಡು ಬಿಟ್ ಯಂತ್ರವಾದರೆ ಏನನ್ನು ಸೇರಿಸಲೇಬೇಕು — ಸೂಚನೆಗಳ ಪಟ್ಟಿ ಉದ್ದಕ್ಕಿತ್ತು. ನಿಮ್ಮದು ಆ ಹಳೆಯ ಯಂತ್ರ. ನಾನು ಓದಿದ್ದು ನನ್ನ ಹೊಸ ಲ್ಯಾಪ್‌ಟಾಪಿಗೆ ಹೊಂದುವ ನಾಲ್ಕು ಸಾಲು.

ಕಂಪೈಲ್ ಆಗುವಾಗ ಪರದೆಯ ಮೇಲೆ ಎಚ್ಚರಿಕೆ ಬಂತು: ಎರಡು ಜಿಬಿಗಿಂತ ದೊಡ್ಡ ಫೈಲುಗಳಿಗೆ ಬೆಂಬಲವಿಲ್ಲ. ನಿಮ್ಮ ಒಂದೊಂದು ಪುಸ್ತಕವೂ ಅದಕ್ಕಿಂತ ದೊಡ್ಡದು. ನೋಡಲಿಲ್ಲವೆಂದು ಹೇಳಬಹುದಿತ್ತು... ನೋಡಿದೆ ಮೇಡಂ. ಆ ಹೊತ್ತಿಗೆ ನಿಮ್ಮ ಮನೆಗೆ ಬಂದಿದ್ದ ಮಕ್ಕಳು "ಅಣ್ಣಾ, ಮೇಡಂ ಥರ ಮಾತಾಡಣ್ಣ" ಎನ್ನುತ್ತಿದ್ದರು. ನಿಮ್ಮ ಕೆಮ್ಮೂ ಸೇರಿಸಿ ಎರಡನೇ ಪಾಠ ಶುರು ಮಾಡಿದ್ದೆ. ಜನ ನಗುತ್ತಿರುವಾಗ ಎದ್ದುಹೋಗಿ ಪಟ್ಟಿ ಓದುವ ಜಾತಿಯವನಲ್ಲ ನಾನು.

"ಎಲ್ಲಾ ಪೂರ್ತಿ ಓದ್ಕೊಂಡ್ ಮಾಡ್ದೇನಪ್ಪ?" ಅಡುಗೆಮನೆಯಿಂದ ಕೇಳಿದಿರಿ.

"ಕಂಠಪಾಠ ಮಾಡ್ಬುಟ್ಟೆ ಮೇಡಂ! ಬೇಕಾದ್ರೆ ಪರೀಕ್ಷೆ ಇಡಿ."

ನೀವು ಇಡಲಿಲ್ಲ. ನಾನೇ ಒಂದು ಪುಟ್ಟ ಫೈಲನ್ನು ಬ್ಯಾಕಪ್ಪಿನಿಂದ ವಾಪಸ್ ತೆಗೆದು ನಿಮಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ.

ಮರುವರ್ಷ ಗಂಟಲಿನ ಆಪರೇಷನ್ನಿನಲ್ಲಿ ನಿಮ್ಮ ದನಿ ಹೋಯಿತು. ಎರಡು ತಿಂಗಳಿಗೆ ಕಂಪ್ಯೂಟರಿನ ಡಿಸ್ಕೂ ಕೆಟ್ಟಿತು. ಬ್ಯಾಕಪ್ ತೆರೆದೆ — ಹಾಜರಿ ಪಟ್ಟಿ ಇತ್ತು, ಮಕ್ಕಳ ಹುಟ್ಟುಹಬ್ಬದ ಫೋಟೋಗಳಿದ್ದವು. ಪುಸ್ತಕ ಒಂದೂ ಇಲ್ಲ. ದೊಡ್ಡ ಫೈಲುಗಳನ್ನು ಅದು ದಿನವೂ ಬಿಟ್ಟು ಮುಂದೆ ಹೋಗಿತ್ತು. ಬಿಟ್ಟದ್ದನ್ನು ಪ್ರಾಮಾಣಿಕವಾಗಿ ಬರೆದೂ ಇಟ್ಟಿತ್ತು. ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

"ಎರಡೂ ಡಿಸ್ಕ್ ಒಟ್ಗೇ ಹೋಗ್ಬುಟ್ವು ಮೇಡಂ, ಯಾರೇನ್ ಮಾಡಕ್ಕಾಗತ್ತೆ?" ಎಂದುಬಿಟ್ಟೆ.

ನೀವು ಬಹಳ ಹೊತ್ತು ಮೈಕನ್ನೇ ನೋಡುತ್ತಿದ್ದಿರಿ. ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟಿರಿ: "ನಿನ್ನ ಕೈಲಾದ್ದು ಮಾಡಿದ್ದೀಯ. ಕೊರಗಬೇಡ ಮಗು." ನಾನು — ನಾಚಿಕೆಯಿಲ್ಲದೆ — ಅದನ್ನು ಪರ್ಸಿನಲ್ಲಿಟ್ಟುಕೊಂಡೆ. ಎದೆ ಭಾರವಾದಾಗೆಲ್ಲ ತೆಗೆದು ಓದಿಕೊಂಡೆ. ಅಂದರೆ, ನಿಮ್ಮಿಂದ ಕದ್ದ ಸಮಾಧಾನದಲ್ಲೇ ಮೂರು ವರ್ಷ...

ಆ ಚೀಟಿಯನ್ನು ಈ ಪತ್ರದೊಳಗೆ ಇಟ್ಟು ಹಿಂದಿರುಗಿಸುತ್ತಿದ್ದೇನೆ. ಕೈಲಾದದ್ದನ್ನು ನಾನು ಮಾಡಿರಲಿಲ್ಲ. ಭಾನುವಾರ ಮಕ್ಕಳು ಬಂದಾಗ ನಾನೂ ಬರುತ್ತೇನೆ. ಅವರೆದುರೂ ಇದನ್ನೇ ಹೇಳುತ್ತೇನೆ. ಒಳಗೆ ಕರೆಯುವುದು ನಿಮ್ಮಿಷ್ಟ.